ಬೆನ್ನ ಮೇಲಿನ ಟೇಪು

ಯೆಹೂದಿಗಳ ನರಮೇಧ ಬರೀ ಕಟ್ಟುಕತೆ ಎನ್ನುವ ವಿಡಿಯೊವನ್ನು ನಮ್ಮ ಬ್ರೂಕ್ಲಿನ್ ಬ್ಯಾಸ್ಕೆಟ್‌ಬಾಲ್ ತಂಡದ ತಾರೆ ಮಾರ್ಲನ್ ಸ್ಟೋಕ್ಸ್ ಹಂಚಿಕೊಂಡಾಗ, ತಂಡದವರು ಅವನನ್ನು ಹೊರಗೆ ಕೂರಿಸಿದರು. ಆ ವಾರ ನನ್ನ ಹಳೇ ಗಿರಾಕಿ, ತಂಡದ ಅಭಿಮಾನಿ ಡೆರಿಲ್ ನನ್ನ ಕ್ಷೌರದಂಗಡಿಗೆ ಬಂದು, ತಾನು ತೊಟ್ಟಿದ್ದ, ಸ್ಟೋಕ್ಸ್‌ನ ಹೆಸರಿದ್ದ ಜೆರ್ಸಿಯ ಬೆನ್ನು ತೋರಿಸಿದ.

"ಬೋರಿಯಾ, ಈ ದರಿದ್ರದವನ ಹೆಸರಿನ ಮೇಲೆ ಟೇಪು ಅಂಟಿಸು. ನಿನ್ನ ಜನಕ್ಕೆ ಹಾಗಂದವನು ನಂಗೂ ಬೇಡ."

ನಾನು ಯೆಹೂದಿ. ಮೂರ್ಖನಂತೆ ಕಣ್ಣು ತುಂಬಿಕೊಂಡು ಅಂಟಿಸಿದೆ.

ತಂಡ ಸೋಲತೊಡಗಿತು. ಸೋತಷ್ಟೂ ಡೆರಿಲ್‌ನ ಧರ್ಮ ಸಡಿಲವಾಯಿತು. "ಬಾಯಿ ಕೆಟ್ಟದ್ದಿರಬಹುದು, ಅವನ ಕೈ ಏನು ಪಾಪ ಮಾಡ್ತು?" ಎಂದು ಕೇಳಿದ.

ಪಕ್ಕದ ಕುರ್ಚಿಯಲ್ಲಿದ್ದ ಅವನ ಗೆಳೆಯ ಕಾನ್ರಾಡ್, "ಕ್ಷಮೆ ಕೇಳಿದ್ನಲ್ಲಪ್ಪಾ, ಇನ್ನೇನು ಕಾಲಿಗೆ ಬೀಳ್ಬೇಕಾ?" ಎಂದ.

ಕ್ಷಮೆಯಂತೆ ಕ್ಷಮೆ! ಸ್ಟೋಕ್ಸ್ ಯಾರೋ ಬರೆದುಕೊಟ್ಟ ನಾಲ್ಕು ಸಾಲು ಓದಿ ಆಕಳಿಸಿದ್ದ.

ನಿನ್ನೆ ಸ್ಟೋಕ್ಸ್ ಮರಳಿ ಆಡಿದ. ಅಂಗಡಿಯ ಟೀವಿಯಲ್ಲಿ ಅವನ ಕೊನೆಯ ಚೆಂಡು ಬುಟ್ಟಿಗೆ ಬಿದ್ದು ತಂಡ ಗೆದ್ದಾಗ, ಅರ್ಧ ತಲೆ ಬೋಳಿಸಿಕೊಂಡಿದ್ದ ಡೆರಿಲ್ ಕುರ್ಚಿಯಿಂದ ಜಿಗಿದು, ಕೊರಳಿಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು, ನನಗೆ ಬೆನ್ನು ಕೊಟ್ಟು ನಿಂತ.

"ಟೇಪು ಕೀಳೋ ಬೇಗ! ನಂಗೆ ಕೈ ಎಟುಕ್ತಿಲ್ಲ."

"ಅಂಟಿಸ್ಕೊಂಡಿದ್ದು ಯಾರಿಗೋಸ್ಕರ?"

"ಅವತ್ತು ನಿನಗೋಸ್ಕರ. ಇವತ್ತು ತಂಡಕ್ಕೋಸ್ಕರ."

ನಾನು ಮಶೀನು ಆರಿಸಿ ಕೆಳಗಿಟ್ಟೆ.

"ಹಾಗಾದ್ರೆ ತಂಡದವರ ಹತ್ರಾನೇ ಕೀಳಿಸ್ಕೋ. ಉಳಿದರ್ಧ ತಲೇನೂ ಅವರೇ ಬೋಳಿಸ್ಲಿ."