ಕುರಿ ತೇಗಿದ ಗಾಳಿ ತಿನ್ನುವ ಮಣ್ಣು

ಎರಡು ವರ್ಷದಿಂದ ಮಳೆ ಚಿಂತಾಕಿಯ ದಾರಿ ಮರೆತಿತ್ತು. ಊರಿನ ಅರ್ಧ ಮನೆಗಳಿಗೆ ಬೀಗ. ಜನ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಕುರಿ ಸಾಕುವ ಬಕ್ಕಪ್ಪನ ಮನೆ ಬಾಗಿಲು ತೆರೆದಿದ್ದದ್ದು ಕುರಣದ ದಯೆಯಿಂದ. ಕುರಣವೆಂದರೆ ಕುರಿಗಳಿಗೆಂದೇ ಹುಲ್ಲು ಬಿಟ್ಟ ಹೊಲ. ಅಜ್ಜನ ಕಾಲದಿಂದ ಅದಕ್ಕೆ ನೇಗಿಲು ತಾಗಿರಲಿಲ್ಲ.

ಈ ಸಲ ಮಳೆ ಬಂದೇ ಬರುತ್ತದೆಂದು ಯಾರೋ ಹೇಳಿದ್ದೇ ತಡ, ಕುರಣಕ್ಕೆ ನೇಗಿಲು ಹೊಡೆಸಿ ಸೋಯಾ ಬಿತ್ತಲು ಬಕ್ಕಪ್ಪ ಟ್ರ್ಯಾಕ್ಟರ್ ಗೊತ್ತು ಮಾಡಿಬಿಟ್ಟ. ಹೆಂಡತಿ ಸತ್ಯಮ್ಮ ಬೇಡವೆಂದಳು. ಹೋದ ವರ್ಷ ಪಕ್ಕದ ಹೊಲದ ಪಂಢರಿ ಹೀಗೇ ಮಾಡಿದ್ದ. ಬೆಳೆಯೂ ಬರಲಿಲ್ಲ, ಹುಲ್ಲೂ ಉಳಿಯಲಿಲ್ಲ. ಕುರಿ ಹೊಡೆದುಕೊಂಡು ಹೆಂಡತಿ ಮಕ್ಕಳ ಸಮೇತ ಊರು ಬಿಟ್ಟ. ನಮ್ಮ ಗತಿಯೂ ಅಷ್ಟೇ ಎಂದು ಸತ್ಯಮ್ಮ ಈಗಲೇ ಬಟ್ಟೆಬರೆ ಗಂಟು ಕಟ್ಟಿಟ್ಟಳು.

"ಆ ಮಣ್ಣು ಸುಮ್ಮ ಬಿದ್ದದ. ಏನ್ ಕೆಲಸ ಮಾಡತದ ಅದು?" ಎಂದ ಬಕ್ಕಪ್ಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಿರಾಕಿ ಅವನು.

ಟ್ರ್ಯಾಕ್ಟರ್ ಬರುವ ದಿನವೇ ಸತ್ಯಮ್ಮನ ಗೆಳತಿ ಅಂಜನಾಬಾಯಿ ಸುದ್ದಿ ಕೇಳಿ ಬೀದರಿನಿಂದ ಓಡೋಡಿ ಬಂದಳು. ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳುವವಳು. ಹಿಂದಿನ ಸಲ ಬಂದಾಗ ಈ ಕುರಣದಿಂದಲೂ ಪಂಢರಿಯ ಹೊಲದಿಂದಲೂ ಮಣ್ಣು ಒಯ್ದಿದ್ದಳು.

"ಬಕ್ಕಪ್ಪಣ್ಣ, ನಿಮ್ಮ ಮಣ್ಣು ಗಾಳಿ ತಿಂದದರಿ," ಎಂದಳು ಏದುಸಿರಲ್ಲೇ.

"ಬರಗಾಲದಾಗ ಮಣ್ಣೂ ಗಾಳಿ ತಿನ್ಲಾಕ ಹತ್ತಿತೇನು?"

"ನಗಬ್ಯಾಡ್ರಿ. ಕುರಿ ತೇಗಿದ್ರ ಮೀಥೇನ್ ಅನ್ನೋ ಗಾಳಿ ಬರತದ. ಅದು ಭೂಮಿ ಕಾಸತದ."

ಬಕ್ಕಪ್ಪನ ಮುಖ ಕೆಂಪಾಯಿತು. "ಬಿಸಿಲು ಏರಿದ್ದೂ ನಮ್ಮ ಕುರಿ ತಪ್ಪೇನು?"

"ಕೇಳ್ರಿ ಮೊದಲ. ಉತ್ತರದ ಕೊನಿಗಿ ಹಿಮದ ಸೀಮಿ ಅದ. ಅಲ್ಲೀಗ ನೆಲ ಕರಗಿ, ಜೌಗಿನಿಂದ ಇದೇ ಗಾಳಿ ಏಳತದ. ಆದ್ರ ಅಲ್ಲಿನ ಒಣ ಮಣ್ಣಾಗ ಕಣ್ಣಿಗಿ ಕಾಣದ ಜೀವಿ ಅವ. ಗಾಳ್ಯಾಗಿನ ಮೀಥೇನೇ ಅವುಗಳ ರೊಟ್ಟಿ. ಬಿಸಿ ಏರಿದಂಗ ಅವುಗಳ ಹಸಿವೂ ಏರತದ. ಮಣ್ಣು ನೀರಾಗ ಮುಳುಗಿದ್ರ ಮಾತ್ರ ಉಸಿರು ಕಟ್ಟತದ. ಇದು ಓದಿ ನನಗ ನಿದ್ದಿನೇ ಬರಲಿಲ್ಲರಿ. ನಮ್ಮ ಕುರಣದಾಗೂ ಇರಬಹುದಲ್ಲ ಅಂತ ಎರಡೂ ಮಣ್ಣು ಸೀಸೆದಾಗ ಹಾಕಿ, ಒಳಗ ಮೀಥೇನ್ ತುಂಬಿ ಮುಚ್ಚಿಟ್ಟೆ. ಪಂಢರಿ ಮಣ್ಣು ತಿಂದಿದ್ದು ಅಷ್ಟಕ್ಕಷ್ಟೇ. ನಿಮ್ಮದು ಭರಪೂರ ತಿಂದದ."

"ಅಂದ್ರ ನಮ್ಮ ಕುರಿ ತೇಗಿದ್ದು ನಮ್ಮ ಮಣ್ಣೇ ತಿಂತದ?"

"ಪೂರಾ ಅಲ್ಲರಿ, ಒಂದಿಷ್ಟು. ನೇಗಿಲು ಹೊಡೆದ್ರ, ಯೂರಿಯಾ ಸುರಿದ್ರ ಅವುಗಳ ಮನಿ ಮುರಿತದ. ಮತ್ತ ಕಟ್ಟಲಾಕ ವರ್ಷಾನುಗಟ್ಟಲೆ ಬೇಕು."

ಸತ್ಯಮ್ಮ ಅಷ್ಟಕ್ಕೇ ಬಿಡಲಿಲ್ಲ. ಪಂಢರಿಯ ಹೊಲದ ಒಂದು ಹೆಂಟೆ, ಕುರಣದ ಒಂದು ಹಿಡಿ ಮಣ್ಣು ತಂದು ಗಂಡನ ಅಂಗೈಗೆ ಹಾಕಿದಳು. ಹೆಂಟೆ ಕಲ್ಲಾಗಿತ್ತು. ಕುರಣದ ಮಣ್ಣು ಬೆರಳಲ್ಲಿ ಉದುರಿತು. ಅದರೊಳಗಿನ ಹುಲ್ಲಿನ ಬೇರು ಇನ್ನೂ ಜೀವ ಹಿಡಿದಿತ್ತು.

"ಒಂದು ಮಳಿ ಬಿದ್ರ ಹುಲ್ಲು ಚಿಗಿತದ. ಸೋಯಾಕ್ಕ ಒಂದು ಮಳಿ ಸಾಲತದೇನ್ರಿ?" ಎಂದಳು.

ಟ್ರ್ಯಾಕ್ಟರಿನ ಸದ್ದು ಕೇಳಿದಾಗ ಬಕ್ಕಪ್ಪ ತಾನೇ ಎದ್ದು ಹೋಗಿ ದಾರಿಗೆ ಅಡ್ಡ ನಿಂತ.

"ವಾಪಸ್ ಹೋಗ್ರಿ ಮಕ್ಸೂದಭಾಯ್. ಮಣ್ಣೊಳಗ ಮಂದಿ ಊಟಕ್ಕ ಕುಂತಾರ."

ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಕ್ಸೂದ ಖಾಲಿ ಹೊಲವನ್ನೂ ಬಕ್ಕಪ್ಪನನ್ನೂ ನೋಡಿ, ಟ್ರ್ಯಾಕ್ಟರ್ ತಿರುಗಿಸಿದ. ಸತ್ಯಮ್ಮನಿಗೆ ಕುಣಿಯುವಷ್ಟು ಖುಷಿ. ಮನೆಗೆ ಹೋಗಿ ಕಟ್ಟಿಟ್ಟ ಗಂಟು ಬಿಚ್ಚಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಲ್ಲೂ ನೇಗಿಲು ಕಾಣದ ಒಂದು ತುಂಡು ಹುಲ್ಲುನೆಲ ಇದ್ದೀತು. ಅದನ್ನು ಹಾಗೇ ಬಿಡಿ. ಗೊಬ್ಬರದ ಚೀಲ ಅಲ್ಲಿ ಬಿಚ್ಚಬೇಡಿ, ನೀರು ನಿಲ್ಲಗೊಡಬೇಡಿ. ಕುರಿಗಳನ್ನು ಒಂದೇ ಕಡೆ ತುಳಿಸದೆ ಸರದಿಯಂತೆ ಮೇಯಿಸಿ. ಸುಮ್ಮನೆ ಬಿದ್ದ ಮಣ್ಣು ಎನ್ನುವ ಮುನ್ನ ಬಕ್ಕಪ್ಪನನ್ನು ನೆನೆಯಿರಿ: ಉಣ್ಣಲು ಕುಳಿತವರನ್ನು ಎಬ್ಬಿಸಬಾರದು.