ಕೌದಿಯ ಅಂಚಿನ ಕೆಂಪು ಹೊಲಿಗೆ

ಬೆರಳು, ಡಾಕ್ಟರಬಾಯಿಯ ಬೆರಳು, ಕೌದಿಯ ಅಂಚಿನ ಮೇಲೆ ಇರುವೆಯ ಹಾಗೆ ನಡೆಯುತ್ತಿದೆ, ಬಿಳಿ ಹೊಲಿಗೆ, ಬಿಳಿ, ಬಿಳಿ, ಆಮೇಲೆ ಕಪ್ಪು — ಇದೇನವ್ವಾ ಅಂದರು, ಎಡಪಕ್ಕಡಿ ಹಿಡಿದು ಹೊಟ್ಟಿ ನೋವಾದ ದಿನಾರಿ ಅಂದಳು ಕಾಶೆವ್ವ, ಮತ್ತ ಈ ಕೆಂಪು? ಹಿಂದೆ ಬಾಕಿನ ಮೇಲೆ ಕೂತಿದ್ದ ಅತ್ತೆ ಶಿವವ್ವ ಕೆಮ್ಮಿದಳು, ಹೇಳಬೇಡ ಎನ್ನುವ ಕೆಮ್ಮು ಅದು, ಎಂಟು ವರ್ಷದಿಂದ ಗೊತ್ತು, ಆದರೂ ಕಾಶೆವ್ವ ಹೇಳಿಯೇ ಬಿಟ್ಟಳು, ಮುಟ್ಟಾದ ದಿನಾರಿ, ಆರಾಮ ಇದ್ದ ದಿನ ಬಿಳಿ, ದಿನಕ್ಕೊಂದು ಹೊಲಿಗಿ, ಮೂರು ವರ್ಷದ್ದು. ಹೇಳಿದ್ದಕ್ಕೆ ಗೋಕಾಕದ ದವಾಖಾನೆಯ ಚಾವಣಿಯೇನೂ ಕುಸಿದು ಬೀಳಲಿಲ್ಲ.

ಮೂರು ವರ್ಷ, ಅರ್ಧ ರೊಟ್ಟಿ ತಿಂದರೆ ಹೊಟ್ಟೆ ನಗಾರಿ, ಹುಳಿತೇಗು, ವಾಯು ಆಗೇತಿ ಓಂಕಾಳು ತಿನ್ನ ಅಂದಳು ಅತ್ತೆ, ತಿಂದಳು, ಹಿಂಗು ನುಂಗಿದಳು, ಹೋಗಲಿಲ್ಲ, ಕೆಲಸ ಅಂದ್ರ ನಿನಗ ಹೊಟ್ಟಿ ಕಡಿತೈತಿ ಅಂದ ಗಂಡ ಅಣ್ಣಪ್ಪ, ಆಮೇಲೆ ಬರೆ ಹಾಕುವ ಬೀರಸಿದ್ದಪ್ಪ ಬಂದ, ಕೆಂಡದಲ್ಲಿ ಕುಡುಗೋಲು ಕಾಯಿಸಿ ಹೊಟ್ಟೆಯ ಮೇಲೆ ಎಳೆದ, ಸುಟ್ಟ ಚರ್ಮದ ವಾಸನೆ ಈಗಲೂ ಮೂಗಿಗೆ ಬರುತ್ತದೆ, ಬರೆ ಮಾಯಿತು ನೋವು ಮಾಯಲಿಲ್ಲ, ಈ ಸೋಮವಾರ ಇನ್ನೊಂದು ಎಳೀತೇನಿ, ಆವಾಗ ನೋಡ್ರಿ ಅಂದ ಅವನು — ಸೋಮವಾರಕ್ಕೆ ನಾಲ್ಕೇ ದಿನ, ಅದಕ್ಕೇ ಗಂಡನಿಗೆ ಅಂದಳು, ಚಕ್ಕಡಿ ಹೂಡ್ತೀರೋ, ಕೌಜಲಗಿಯಿಂದ ನಡಕೊಂತ ಹೋಗಲೋ, ಅವನು ಹೂಡಿದ, ಕೌದಿ ಬಗಲಲ್ಲಿಟ್ಟುಕೊಂಡು ಹತ್ತಿದಳು, ಹಿಂದೆ ಅತ್ತೆಯೂ, ಎದುರುಮನೆ ಇಂದ್ರವ್ವ ಕಟ್ಟೆಯ ಮೇಲೆ ಕೂತು ನೋಡಿದಳು, ಅವಳು ಮುಟ್ಟಾಗಿ ಹೊರಗೆ ಕೂತ ದಿನ ಓಣಿಗೆಲ್ಲ ಗೊತ್ತು, ಒಂದು ತಿಂಗಳು ತಪ್ಪಿದರೆ ಓಣಿಯೇ ಬಂದು ಕೇಳುತ್ತದೆ, ನಮ್ಮದು ಲಿಂಗ ಕಟ್ಟಿದ ಮನೆ, ಮುಟ್ಟಿನ ಸೂತಕವಿಲ್ಲ, ಅದೇ ದೊಡ್ಡ ಭಾಗ್ಯ, ಒಲೆ ಮುಂದೆಯೂ ಕೂರಬಹುದು ಲಿಂಗಪೂಜೆಯನ್ನೂ ಮಾಡಬಹುದು, ಆದರೆ ಸೂತಕ ಬಿಟ್ಟವರು ಕೇಳುವುದನ್ನೂ ಬಿಟ್ಟರು, ನನಗೆ ಎರಡು ತಿಂಗಳು ಮುಟ್ಟು ಬರಲಿಲ್ಲ, ಆಮೇಲೆ ಹದಿನೈದೇ ದಿನಕ್ಕೆ ಬಂತು, ಯಾರಿಗೆ ಗೊತ್ತು, ಸೂಜಿಗೆ ಗೊತ್ತು.

ಇಲ್ಲಿ ನೋಡು ಅನ್ನುತ್ತಿದ್ದಾರೆ ಡಾಕ್ಟರಬಾಯಿ, ಕೆಂಪು ತಡಾ ಆದಾಗೆಲ್ಲಾ ಕಪ್ಪು ಹೆಚ್ಚ ಅದಾವು, ಆಗಲೇ ಹೊಟ್ಟೆ ಒತ್ತಿ ನೋಡಿದ್ದರು, ಇಲ್ಲಿ? ಯವ್ವಾ! — ವಾಯು ಅಲ್ಲವ್ವಾ ಇದು, ಗರ್ಭಚೀಲದ ಬಾಜೂಕ ಗಡ್ಡಿ ಬೆಳದೈತಿ, ಅದು ಕರುಳ ಒತ್ತತೈತಿ, ಅದಕ್ಕ ಹೊಟ್ಟಿ ಉಬ್ಬತೈತಿ, ಕೊಯ್ದು ತಗದ್ರ ಆರಾಮ ಆಗ್ತಿ, ಬೆಂಕಿಯಿಂದ ಏನೂ ಆಗೂದಿಲ್ಲ. ಸಾಲಿ ಕಲ್ತೀಯೇನು? ಇಲ್ರಿ. ಮತ್ತ ಹಿಂಗ ಹೊಲಿ ಅಂತ ಯಾರು ಹೇಳಿದ್ರು? ಯಾರೂ ಇಲ್ರಿ — ಎದೆ ಉಬ್ಬಿತು, ಈ ಸಲ ವಾಯುವಿನಿಂದಲ್ಲ, ಖರೆ ಹೇಳಿದ್ದೆ ನಾನು, ಮೂರು ವರ್ಷ ಖರೆಯೇ ಹೇಳಿದ್ದೆ, ನನ್ನ ಹೊಟ್ಟೆ ನನಗೆ ಗೊತ್ತಿತ್ತು, ಅಣ್ಣಪ್ಪ ಬಾಗಿಲಲ್ಲಿ ರುಮಾಲು ಹಿಂಡುತ್ತ ನಿಂತಿದ್ದಾನೆ, ನಿಲ್ಲಲಿ, ಊರಿಗೆ ಊರೇ ಬಂದು ನಿಂತು ಕೇಳಲಿ, ನಗು ಬರುತ್ತಿದೆ, ಕೊಯ್ಯುತ್ತಾರಂತೆ, ಅಂಜಿಕೆಯೂ ಇದೆ, ಆದರೂ ನಗು. ಬಾಕು ಕಿರ್ ಅಂದಿತು, ಅತ್ತೆ ಎದ್ದು ಬಂದಳು, ಈಗ ಬೈಯುತ್ತಾಳೆ, ಬೈಯಲಿಲ್ಲ, ನನಗೂ ಹಿಂಗ ಇತ್ರೀ ಬಾಯಾರ ಅಂದಳು, ಹೊಟ್ಟಿ ಮ್ಯಾಲ ನಾಕು ಬರೆ ಅದಾವು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಆಮೇಲೆ ಬಾಗಿಲ ಕಡೆ ತಿರುಗಿ, ಅಣ್ಣಪ್ಪಾ, ಸೋಮವಾರ ಬೀರಸಿದ್ದಪ್ಪ ಬಂದ್ರ ನಮ್ಮ ಒಲ್ಯಾಗ ಕೆಂಡ ಇಲ್ಲ ಅಂತ ಹೇಳು. ಅತ್ತೆಯ ಸುಕ್ಕುಬೆರಳು ಕೌದಿಯ ಅಂಚಿಗೆ ಬಂತು, ಬಿಳಿ ದಾಟಿತು, ಕಪ್ಪು ದಾಟಿತು, ಕೆಂಪು ಹೊಲಿಗೆಯ ಮೇಲೆ ನಿಂತಿತು, ಅಲ್ಲಿಂದ ಕದಲಲಿಲ್ಲ, ಕೆಂಪು ಹೊಲಿಗೆ, ಅದರ ಮೇಲೆ ಅತ್ತೆಯ ಬೆರಳು.