ರಿಲೀವರ್ ಬರುವ ತನಕ

ಕಲಬುರಗಿಯ ಬಸ್ಸಿನಿಂದ ಇಳಿಯುತ್ತಿದ್ದ ಒಬ್ಬೊಬ್ಬ ಗಂಡಸಿನ ಮುಖವನ್ನೂ ಇಂಪನಾ ಒಂದು ಧ್ವನಿಯ ಜೊತೆ ಹೊಂದಿಸಿ ನೋಡುತ್ತಿದ್ದಳು. ಆ ಮೀಸೆಯವನಲ್ಲ, ಆ ಧ್ವನಿ ಅಷ್ಟು ಎತ್ತರದ ಮನುಷ್ಯನದಿರಲಾರದು. ಮಫ್ಲರ್ ಸುತ್ತಿಕೊಂಡ ಮುದುಕನೂ ಅಲ್ಲ, ಆ ಧ್ವನಿಗೆ ಇಷ್ಟು ವಯಸ್ಸಾಗಿಲ್ಲ. ಪುಣೆಯ ಸ್ವಾರಗೇಟ್ ನಿಲ್ದಾಣದ ಬೆಳಗಿನ ಗದ್ದಲದಲ್ಲಿ ರಿಕ್ಷಾದವರು ಕಾತ್ರಜ್, ಹಡಪ್ಸರ್ ಎಂದು ಕೂಗುತ್ತ ಅವಳನ್ನು ಸುತ್ತುವರಿದು, ಇವಳೆಲ್ಲೂ ಹೋಗುವವಳಲ್ಲ ಎಂದು ಗೊತ್ತಾದ ಮೇಲೆ ದೂರ ಸರಿದರು. ಎರಡು ವರ್ಷದಿಂದ ಸಂಜೆ ಸಂಜೆ ಮಾತಾಡಿದ ಮನುಷ್ಯನ ಮುಖ ತನಗೆ ಗೊತ್ತೇ ಇಲ್ಲ ಎನ್ನುವುದು ಅವಳಿಗೆ ಹೊಳೆದದ್ದು ಇವತ್ತೇ. ಕೊನೆಗೆ ಫೋನ್ ಮಾಡಿದಳು. ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಿದ್ದ ಗಿಡ್ಡನೆಯ ಮನುಷ್ಯನೊಬ್ಬ ಅಂಗಿಯ ಕಿಸೆ ತಡವಿಕೊಂಡ.

"ಎಲ್ಲಿದ್ದೀ ತಂಗೆವ್ವಾ? ನಿಮ್ಮ ಪುಣೇದಾಗ ಸೂರ್ಯ ಹುಟ್ಯಾನ. ಬರಕೋ, ಮೋಡ ಇಲ್ಲ."

ಅವಳಿಗೆ ನಗು ಬಂತು. ಫೋನನ್ನು ಕಿವಿಗಿಟ್ಟುಕೊಂಡೇ ಅವನ ಎದುರಿಗೆ ಹೋಗಿ ನಿಂತಳು. ಕಾಂತಪ್ಪನೂ ಫೋನ್ ಇಳಿಸಲಿಲ್ಲ. ಇಬ್ಬರೂ ಒಂದು ಗಳಿಗೆ ಹಾಗೆಯೇ, ಮುಖ ನೋಡುತ್ತ, ಯಂತ್ರದಲ್ಲೇ ಮಾತಾಡುವವರಂತೆ ನಿಂತರು.

ಅವಳ ಕಂಪನಿಗೆ ಬಯಲುಸೀಮೆಯಲ್ಲಿ ದೊಡ್ಡದೊಂದು ಸೋಲಾರ್ ಪಾರ್ಕ್ ಇತ್ತು, ಭೀಮೆಯ ದಂಡೆಯಲ್ಲಿ ಕಲ್ಲಿದ್ದಲಿನ ಹಳೆಯ ಸ್ಥಾವರವೊಂದಿತ್ತು. ಎರಡೂ ಸೇರಿ ಹಗಲೂ ರಾತ್ರಿಯೂ ಕರೆಂಟು ಕೊಡಬೇಕೆಂಬುದು ಕರಾರು. ಪುಣೆಯ ಬಾಣೇರದ ಆಫೀಸಿನಲ್ಲಿ ಕೂತು, ಉಪಗ್ರಹದ ಚಿತ್ರ ನೋಡಿ, ಆ ಬಯಲಿನ ಮೇಲೆ ಎಷ್ಟು ಬಿಸಿಲು ಬೀಳುತ್ತದೆಂದು ಮೊದಲೇ ಹೇಳುವುದು ಇಂಪನಾಳ ಕೆಲಸ. ಕಂಪ್ಯೂಟರ್ ಪರದೆಗಳ ಮೇಲೆ ಬೆಳಕು ಬೀಳಬಾರದೆಂದು ಆ ಕೋಣೆಯ ಕಿಟಕಿಗಳನ್ನು ಸದಾ ಮುಚ್ಚಿರುತ್ತಿದ್ದರು. ನೂರಾರು ಮೈಲಿ ದೂರದ ಮೋಡವನ್ನು ಕಾದು ಕೂತವಳು ತನ್ನ ತಲೆಯ ಮೇಲಿನ ಮೋಡ ಕಾಣದೆ, ಕೊಡೆಯಿಲ್ಲದೆ, ನೆನೆದುಕೊಂಡು ನಿಗಡಿಯಲ್ಲಿದ್ದ ತನ್ನ ಮನೆ ಸೇರಿದ ದಿನಗಳು ಎಷ್ಟೋ.

ಹೊತ್ತು ಇಳಿಯುತ್ತ ಪರದೆಯ ಮೇಲೆ ಸೋಲಾರ್ ಕರೆಂಟಿನ ಗೆರೆ ಕೆಳಗೆ ಬೀಳತೊಡಗಿದಾಗ ಅವಳು ಸ್ಥಾವರಕ್ಕೆ ಫೋನ್ ಮಾಡಬೇಕು. ಬಿಸಿಲು ಹೋಗುತ್ತಿದೆ, ಬಾಯ್ಲರ್ ಏರಿಸಿ ಎನ್ನಬೇಕು. ಸಂಜೆಯ ಪಾಳಿಯಲ್ಲಿ ಕಾಂತಪ್ಪನಿದ್ದರೆ, "ಏನವಾ, ನಿಮ್ಮ ಸೂರ್ಯಪ್ಪ ಮನಿಗೆ ಹೊಂಟನೇನು?" ಎನ್ನುತ್ತಿದ್ದ. ಕೆಲಸದ ಮಾತು ಮುಗಿದ ಮೇಲೆ ಉಂಡ್ಯಾ ಎಂದು ಕೇಳುತ್ತಿದ್ದ. ಚನ್ನರಾಯಪಟ್ಟಣದಲ್ಲಿದ್ದ ಅವಳ ಅಣ್ಣ ಹಬ್ಬಕ್ಕೊಮ್ಮೆ ಫೋನ್ ಮಾಡುವವನು. ಆಫೀಸಿನಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಹಿಂದಿ, ತರಕಾರಿಯವಳ ಹತ್ತಿರ ಮುರುಕು ಮರಾಠಿ. ದಿನಕ್ಕೆ ಅವಳು ಆಡುವ ಕನ್ನಡ ಆ ಒಂದು ಫೋನಿನಷ್ಟೇ. ಕಾಂತಪ್ಪನ ಪಾಳಿ ಬದಲಾದ ವಾರಗಳು ಅವಳಿಗೆ ಉದ್ದವಾಗುತ್ತಿದ್ದವು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಯಾರೂ ಇರಲೂ ಇಲ್ಲ.

ಟ್ಯಾಕ್ಸಿಯಲ್ಲಿ ಕೂತ ಕೂಡಲೇ ಕಾಂತಪ್ಪ ಚೀಲದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟ.

"ಶೇಂಗಾ ಹೋಳಿಗಿ. ಫೋನಿನ್ಯಾಗಿನ ಹುಡುಗಿ ಏನ ತಿಂತಾಳೋ ಏನೋ ಅಂತ ನಮ್ಮನಿಯಾಕಿ ತಿಪ್ಪವ್ವ ಕಟ್ಯಾಳ. ಡಬ್ಬಿ ಮಾತ್ರ ತಿರುಗಿ ತರಬೇಕಂತ. ನನ್ನ ಬಿಟ್ಟು ಬಂದ್ರೂ ನಡೀತದ, ಡಬ್ಬಿ ಬಿಟ್ಟು ಬರಂಗಿಲ್ಲ."

"ಖಾಲಿ ಡಬ್ಬಿ ಕೊಡ್ತೀನಾ ಅಣ್ಣ? ಲೋಣಾವಳದ ಚಿಕ್ಕಿ ತುಂಬಿಸಿ ಕೊಡ್ತೀನಿ. ಅಕ್ಕನಿಗೆ ಹೇಳಿ."

ಪದ್ಧತಿ ಗೊತ್ತಿರುವ ಹುಡುಗಿ ಎಂದು ಅವನಿಗೆ ಸಮಾಧಾನವಾಯಿತು. ಇಂಪನಾಳ ಅಮ್ಮ ಬದುಕಿದ್ದಾಗ, ಪಕ್ಕದ ಮನೆಯ ಪಾತ್ರೆ ಹಿಂದಿರುಗಿಸುವಾಗ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ಬರಿದಾದ ಪಾತ್ರೆ ಕೊಟ್ಟರೆ ನಂಟು ಬರಿದಾಯಿತೆಂದು ಲೆಕ್ಕ.

ಕಾಂತಪ್ಪ ಬಂದದ್ದು ಸಭೆಗೆ. ಹಳೆಯ ಸ್ಥಾವರವನ್ನು ಅವಧಿಗೆ ಮುಂಚೆ ಮುಚ್ಚಿ ಆ ಜಾಗದಲ್ಲಿ ಸೋಲಾರ್ ಹಾಕುವುದಕ್ಕೆ ಹೊರದೇಶದ ಸಂಸ್ಥೆಯೊಂದು ಸಾಲ ಕೊಡುವುದಿತ್ತು. ಸಹಿ ಹಾಕುವ ಮೊದಲು ಕೆಲಸಗಾರನೊಬ್ಬ ತನ್ನ ಭಾಷೆಯಲ್ಲೇ ಮಾತಾಡುವುದನ್ನು ಕೇಳಬೇಕೆಂದು ಆ ಸಂಸ್ಥೆಯವರು ಪಟ್ಟು ಹಿಡಿದಿದ್ದರು. ಕಾಂತಪ್ಪನನ್ನು ಸ್ಥಾವರದ ಕೆಲಸಗಾರರ ಕಾಲನಿಯವರೇ ಆರಿಸಿ ಕಳಿಸಿದ್ದರು. ಅವನ ಕನ್ನಡವನ್ನು ಇಂಗ್ಲಿಷಿನಲ್ಲಿ ಹೇಳಲು ಆಫೀಸು ಇಂಪನಾಳನ್ನು ಗೊತ್ತು ಮಾಡಿತ್ತು.

ದಾರಿಯುದ್ದಕ್ಕೂ ಅವನು ತಾನು ಹೇಳಬೇಕಾದದ್ದನ್ನು ಅವಳಿಗೆ ಒಪ್ಪಿಸಿದ. ಎಲ್ಲ ಉಳಿಸಿರಿ ಎಂದು ಅವನು ಕೇಳುವವನಲ್ಲ. ಸ್ಥಾವರದ ಒಂದು ಯೂನಿಟ್ಟನ್ನಾದರೂ, ಬಿಸಿಲಿನ ಕರೆಂಟನ್ನು ಕೂಡಿಡುವ ಬ್ಯಾಟರಿಗಳು ಬಂದು ಕೆಲಸಕ್ಕೆ ನಿಲ್ಲುವ ತನಕ, ಸಂಜೆಯ ಹೊತ್ತಿಗೆಂದು ಇಟ್ಟುಕೊಳ್ಳಲಿ. ಅಷ್ಟಾದರೆ ಕಾಲನಿ ಉಳಿಯುತ್ತದೆ, ಶಾಲೆ ಉಳಿಯುತ್ತದೆ. ಮಾತಿನ ನಡುವೆ ಅವನಿಗೆ ಕೆಮ್ಮು ಬಂತು. ಸುಮಾರು ಹೊತ್ತು ಕೆಮ್ಮಿದ.

"ಹೊಗಿ ನಾನೂ ಕುಡದೇನಿ. ಅದೇನು ಅಮೃತ ಅಂತ ಹೇಳಾಂವಲ್ಲ ನಾ," ಎಂದು ಕಣ್ಣೊರೆಸಿಕೊಂಡ. "ನಾ ಹೇಳಿದ್ದು ಹಂಗೇ ಹೇಳು ತಂಗಿ. ಒಂದು ಮಾತು ತಗೀಬ್ಯಾಡ, ಒಂದು ಮಾತು ಹಾಕಬ್ಯಾಡ."

ಅವಳು ತಲೆಯಾಡಿಸಿದಳು. ಸ್ಥಾವರ ಮುಚ್ಚುವ ಸುದ್ದಿಯ ಟಿಪ್ಪಣಿ ಹೋದ ವಾರವೇ ಸಿದ್ಧವಾಗಿತ್ತು. ಬರೆದವಳು ಅವಳೇ. 'ಮುಚ್ಚುವುದು' ಎಂಬ ಪದವನ್ನು ಹೊಡೆದುಹಾಕಿ 'ಗೌರವದ ನಿವೃತ್ತಿ' ಎಂದು ಹಾಕಿದವಳೂ ಅವಳೇ. ಬ್ಯಾಟರಿಗಳ ಮಾತು ಅದರಲ್ಲಿ 'ಮುಂದಿನ ಹಂತದಲ್ಲಿ' ಎಂದು ಒಂದೇ ಕಡೆ ಬರುತ್ತಿತ್ತು. ಆ ಮುಂದಿನ ಹಂತ ಯಾವಾಗ ಎಂದು ಅವಳು ಕೇಳಿದ್ದಳು. ಮ್ಯಾನೇಜರ್ ಮನೋಜ ನಕ್ಕಿದ್ದ. ಸಂಜೆಯಾದರೆ ಗೆರೆ ಹೇಗೆ ಬೀಳುತ್ತದೆ, ಅದೇ ಹೊತ್ತಿಗೆ ಮನೆಮನೆಯ ದೀಪ, ಮಿಕ್ಸರು, ಏಸಿ ಹೇಗೆ ಏಳುತ್ತವೆ ಎಂಬುದನ್ನು ಅವಳಷ್ಟು ನೋಡಿದವರು ಆ ಆಫೀಸಿನಲ್ಲಿ ಇರಲಿಲ್ಲ. ಹಾಗೆಂದು ಕಲ್ಲಿದ್ದಲೇ ಸರಿ ಎನ್ನಲೂ ಅವಳಿಂದ ಆಗುತ್ತಿರಲಿಲ್ಲ. ಸ್ಥಾವರದ ಬೂದಿ ಹೊಂಡದ ಚಿತ್ರಗಳನ್ನು ಅವಳು ನೋಡಿದ್ದಳು. ಆ ಕೆಮ್ಮನ್ನು ಫೋನಿನಲ್ಲಿ ಎರಡು ವರ್ಷದಿಂದ ಕೇಳಿದ್ದಳು.

ನಿನ್ನೆ ಸಂಜೆ ಮನೋಜ ಅವಳ ಮೇಜಿನ ಹತ್ತಿರ ಬಂದು, ಪದಕ್ಕೆ ಪದ ಹೇಳಬೇಕೆಂದೇನೂ ಇಲ್ಲ, ಭಾವ ಬಂದರೆ ಸಾಕು ಎಂದಿದ್ದ. ಸಾಲ ಕೊಡುವವರ ಮನಸ್ಸಿನಲ್ಲಿ ಗೊಂದಲ ಹುಟ್ಟಿಸುವುದು ಬೇಡ. ಹೋಗುತ್ತ, ಅವಳಿದ್ದ ಬಿಸಿಲಿನ ಮುನ್ಸೂಚನೆಯ ತಂಡವನ್ನು ಚಿಕ್ಕದು ಮಾಡುವ ಮಾತು ಮೇಲೆ ನಡೆದಿದೆ, ನೀನು ಮಾತ್ರ ಚಿಂತೆ ಮಾಡಬೇಡ ಎಂದೂ ಹೇಳಿದ್ದ. ಅವಳು ರಾತ್ರಿಯೆಲ್ಲ ಚಿಂತೆ ಮಾಡಿದ್ದಳು.

ಸಭೆಯ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರಲ್ಲಿ ಸಾಲ ಕೊಡುವ ಸಂಸ್ಥೆಯ ಮೂವರು. ನಡುವೆ ಕೂತ ಬೆಳ್ಳಿ ಕೂದಲಿನ ಹೆಂಗಸು ಎಲ್ಲರ ಭಾಷಣ ಮುಗಿದ ಮೇಲೆ ಕಾಂತಪ್ಪನತ್ತ ತಿರುಗಿ, ನಾವು ಇಷ್ಟು ದೂರದಿಂದ ಕಾಣದೆ ಹೋದದ್ದು ಏನಾದರೂ ಇದ್ದರೆ ಹೇಳಿ ಎಂದಳು. ಇದು ಬಾಯಿಮಾತಿನ ಉಪಚಾರ ಎಂದೇ ಇಂಪನಾ ಎಣಿಸಿದ್ದಳು. ಆದರೆ ಆ ಹೆಂಗಸು ಪೆನ್ನು ಕೈಗೆತ್ತಿಕೊಂಡದ್ದನ್ನು ಅವಳು ಕಂಡಳು. ಕನ್ನಡಕ ಸರಿಮಾಡಿಕೊಂಡು ಕಾದದ್ದನ್ನೂ ಕಂಡಳು.

ಕಾಂತಪ್ಪ ಎದ್ದು ನಿಂತ. ಕೂತೇ ಮಾತಾಡಿ ಎಂದರೂ ಕೂರಲಿಲ್ಲ.

"ನಿಮ್ಮ ಸೂರ್ಯನ ಮ್ಯಾಲ ನಂಗ ಸಿಟ್ಟಿಲ್ಲರಿ. ಭಾಳ ಚಲೋ ಕೆಲಸಗಾರ ಅಂವ. ಆದ್ರ ಸಂಜಿಗೆ ರಿಲೀವರ್, ಅಂದ್ರ ಮುಂದಿನ ಪಾಳಿಯಾಂವ, ಬರೂತನಕ ನಿಂದ್ರಂಗಿಲ್ಲ, ಎದ್ದು ಹೋಗಿಬಿಡ್ತಾನ. ನಮ್ಮ ಕಂಟ್ರೋಲ್ ರೂಮಿನಾಗ ಹಂಗಿಲ್ಲ. ರಿಲೀವರ್ ಬಂದು ಕುರ್ಚಿ ಮ್ಯಾಲ ಕೂಡೂತನಕ ಯಾರೂ ಏಳಂಗಿಲ್ಲ. ಮನ್ಯಾಗ ಹೆಣ ಬಿದ್ದಿದ್ರೂ ಏಳಂಗಿಲ್ಲ. ನಮ್ಮಪ್ಪ ತೀರಿದಾಗ ನಾ ಹಂಗ ಕುಂತಾಂವ ಅದೀನಿ. ಈಗ ದಿನಾ ಬಾಯ್ಲರ್ ಆರಸ್ತೀರಿ, ಏರಸ್ತೀರಿ. ಮುದಿ ಎಮ್ಮಿನ ದಿನಾ ಎಬ್ಬಿಸಿ ಕೂಡ್ಸಿದ್ರ ಕಾಲು ಮುರೀತದ, ಬಾಯ್ಲರಿನ ಟ್ಯೂಬ್ ಒಡೀತದ. ಒಡದ ಮ್ಯಾಲ ಎಮ್ಮೀದೇ ತಪ್ಪು ಅಂತೀರಿ. ಬ್ಯಾಟರಿ ಬರ್ತದ ಅಂತ ಹೇಳ್ತಾರ. ಬರ್ಲಿ. ಬಂದು ಕುರ್ಚಿ ಮ್ಯಾಲ ಕೂಡ್ಲಿ. ಆಮ್ಯಾಲ ನಮ್ಮನ್ನ ಎಬ್ಬಸ್ರಿ. ನಾವ ನಗನಗತಾ ಎದ್ದು ಹೋಗ್ತೀವಿ."

ಕೋಣೆಯಲ್ಲಿದ್ದವರೆಲ್ಲ ಇಂಪನಾಳ ಕಡೆ ತಿರುಗಿದರು. ಮನೋಜ ಅವಳನ್ನು ನೋಡಲಿಲ್ಲ. ತನ್ನ ನೀರಿನ ಲೋಟವನ್ನು ನೋಡುತ್ತಿದ್ದ.

ಅವಳು ಮೆಲ್ಲಗೆ, ಸ್ಪಷ್ಟವಾಗಿ ಮಾತಾಡಿದಳು. ಹೊಸ ಶಕ್ತಿಯ ಬಗ್ಗೆ ಈ ಹಿರಿಯರಿಗೆ ಗೌರವವಿದೆ. ತಮ್ಮ ತಲೆಮಾರು ಎಂಥ ಕಷ್ಟದಲ್ಲೂ ಕರ್ತವ್ಯ ಬಿಡಲಿಲ್ಲ ಎಂಬ ಹೆಮ್ಮೆಯಿದೆ. ಹಳೆಯ ಯಂತ್ರಗಳು ದಣಿದಿರುವುದನ್ನು ಅವರು ಬಲ್ಲರು. ಮುಂದಿನವರಿಗೆ ಜವಾಬ್ದಾರಿಯನ್ನು ಜೋಪಾನವಾಗಿ ಒಪ್ಪಿಸಿ, ನಗುನಗುತ್ತ ಬೀಳ್ಕೊಳ್ಳಲು ಸಿದ್ಧರಿದ್ದಾರೆ. ಒಂದು ವಾಕ್ಯವೂ ಸುಳ್ಳಲ್ಲ ಎಂದು ಅವಳು ಹೇಳುತ್ತ ಹೇಳುತ್ತಲೇ ಎಣಿಸಿದಳು.

ಮಾತಾಡುವಾಗ ಕಾಂತಪ್ಪ ಅವಳ ಕಡೆ ಬಾಗಿ ಕಿವಿಗೊಟ್ಟಿದ್ದ. ಆಸ್ಪತ್ರೆಯಲ್ಲಿ ತನ್ನ ಹೆಸರು ಕರೆಯುವುದನ್ನು ಕಾಯುವವನ ಹಾಗೆ. ಅವಳು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಬಾಗಿಯೇ ಇದ್ದ. ಪರದೆಯ ಮೇಲಿನ ಹೆಂಗಸು ಪೆನ್ನನ್ನು ಕೆಳಗಿಟ್ಟು, ಎರಡೂ ಕೈ ಎದೆಗೆ ಒತ್ತಿ, ಇದು ಮನಸ್ಸು ತಟ್ಟಿತು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೋಜ ಎದ್ದು ಬಂದು ಕಾಂತಪ್ಪನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟ. ಫೋಟೋ ಆಯಿತು.

ಊಟದ ಹೊತ್ತಿನಲ್ಲಿ ಇಂಪನಾ ಹೋಳಿಗೆಗಳನ್ನು ತೆಗೆದು ಕಾಗದದಲ್ಲಿ ಸುತ್ತಿ ತನ್ನ ಡ್ರಾಯರಿನಲ್ಲಿಟ್ಟಳು. ಡಬ್ಬಿಯನ್ನು ತೊಳೆದು ಒರೆಸಿದಳು. ಕೆಳಗಿನ ಅಂಗಡಿಗೆ ಹೋಗಿ ಚಿಕ್ಕಿ ತರಬೇಕೆನ್ನುವಷ್ಟರಲ್ಲಿ ಸಭೆಯ ವರದಿ ತಿದ್ದಲು ಮನೋಜ ಕರೆದ. ತಿದ್ದುವುದು ಮುಗಿಯುವ ಹೊತ್ತಿಗೆ ಟ್ಯಾಕ್ಸಿ ಬಂದಿತ್ತು. ಇವತ್ತು ಸಂಜೆಯ ಫೋನನ್ನು ಬೇರೆಯವರು ಮಾಡುತ್ತಾರೆ, ನೀನು ಅವರನ್ನು ಬಸ್ಸು ಹತ್ತಿಸಿ ಹಾಗೇ ಮನೆಗೆ ಹೋಗು ಎಂದು ಮನೋಜ ಬಹಳ ಮೃದುವಾಗಿ ಹೇಳಿದ.

ಟ್ಯಾಕ್ಸಿಯಲ್ಲಿ ಕಾಂತಪ್ಪ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕೂತ. ಮೆಟ್ರೋದ ಕಂಬಗಳು ಒಂದಾದ ಮೇಲೊಂದು ಹಿಂದಕ್ಕೆ ಸರಿದವು. ಅವಳು ಊಟ ಸರಿಹೋಯಿತೇ ಎಂದು ಕೇಳಿದಳು. ಚಲೋ ಇತ್ತು ಎಂದ. ವಿದ್ಯಾಪೀಠದ ವೃತ್ತದಲ್ಲಿ ಗಾಡಿ ನಿಂತಾಗ ಅವನು ತಿರುಗದೆಯೇ ಕೇಳಿದ.

"ರಿಲೀವರ್ ಅನ್ನೂದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರೀ ಮೇಡಂ?"

"ರಿಲೀವರ್ ಅಂತಾನೇ, ಅಣ್ಣ."

"ಬಾಯ್ಲರಿಗೆ?"

ಸಭೆಯಲ್ಲಿ ಅವಳ ಇಂಗ್ಲಿಷಿನಲ್ಲಿ ಆ ಎರಡು ಪದಗಳೂ ಬಂದಿರಲಿಲ್ಲ.

"ಅದೂ ಹಂಗೇ ಇರಬೇಕು," ಎಂದ ಅವನು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಫೋನಿನಲ್ಲಿ ಮೋಡದ ಲೆಕ್ಕ ಬರೆದುಕೊಳ್ಳುವಾಗ ಇರುತ್ತಿದ್ದ ಧ್ವನಿಯೇ ಅದು. ಏನಾದರೂ ಹೇಳಬೇಕೆಂದು ಅವಳು ವಾಕ್ಯ ಕಟ್ಟಿದಳು, ಒಡೆದಳು, ಮತ್ತೆ ಕಟ್ಟಿದಳು. ಪ್ರತಿ ವಾಕ್ಯವೂ ಚೆನ್ನಾಗಿಯೇ ಇತ್ತು. ಅದಕ್ಕೇ ಯಾವುದನ್ನೂ ಆಡಲಾಗಲಿಲ್ಲ.

ಸ್ವಾರಗೇಟಿನಲ್ಲಿ ಬಸ್ಸು ಆಗಲೇ ಹೊರಡಲು ನಿಂತಿತ್ತು. ಕಾಂತಪ್ಪ ಹತ್ತಿ ಕಿಟಕಿಯ ಸೀಟು ಹಿಡಿದು, ಕಂಬಿಗಳ ನಡುವಿನಿಂದ ಕೈ ಚಾಚಿದ.

"ಡಬ್ಬಿ ಕೊಡ್ರಿ."

"ಒಂದು ನಿಮಿಷ ಇರಿ ಅಣ್ಣ. ಎದುರಿಗೇ ಅಂಗಡಿ ಇದೆ, ಚಿಕ್ಕಿ ತಂದುಬಿಡ್ತೀನಿ."

"ಬ್ಯಾಡ್ರಿ ಮೇಡಂ. ಬಸ್ ಬಿಡ್ತದ."

"ಖಾಲಿ ಹೇಗೆ ಕೊಡ್ಲಿ?"

"ತಿಪ್ಪವ್ವಗ ನಾ ಹೇಳ್ತೀನಿ. ಕೊಡ್ರಿ."

ಅವಳು ಚೀಲವನ್ನು ತಡಕಾಡಿದಳು. ಪರ್ಸು, ಗುರುತಿನ ಚೀಟಿ, ತಲೆನೋವಿನ ಮಾತ್ರೆಯ ಪಟ್ಟಿ. ಹಾಕುವಂಥದ್ದು ಏನೂ ಇರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಅವಳು ಡಬ್ಬಿಯನ್ನು ಕಂಬಿಗಳ ನಡುವೆ ತೂರಿಸಿದಳು. ಅದು ಹಗುರವಾಗಿ ಅವನ ಕೈಗೆ ಹೋಯಿತು.

ಬಸ್ಸು ಹಿಂದಕ್ಕೆ ಸರಿಯುತ್ತಿದ್ದಾಗ ನಿಲ್ದಾಣದ ದೀಪಗಳು, ಅದರಾಚೆಯ ರಸ್ತೆಯ ದೀಪಗಳು, ಎಲ್ಲ ಒಮ್ಮೆಲೇ ಹತ್ತಿಕೊಂಡವು. ಜನ ಯಾರೂ ತಲೆಯೆತ್ತಲಿಲ್ಲ. ಕೆಳಗೆ ನಿಂತ ಇಂಪನಾ ತಲೆಯೆತ್ತಿದಳು. ಕಿಟಕಿಯಲ್ಲಿ ಕಾಂತಪ್ಪನೂ ಎತ್ತಿದ. ಒಂದೊಂದೇ ದೀಪವನ್ನು, ಎಲ್ಲ ಸರಿಯಾಗಿ ನಿಂತವೋ ಇಲ್ಲವೋ ಎಂದು ನೋಡುವವನ ಹಾಗೆ, ಉದ್ದಕ್ಕೂ ನೋಡಿದ. ಆಮೇಲೆ ಬಸ್ಸು ಸೋಲಾಪುರ ರಸ್ತೆಯ ಕಡೆ ಹೊರಳಿತು. ಅವನು ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿ, ಮುಚ್ಚಳದ ಮೇಲೆ ಅಂಗೈಯಿಟ್ಟು, ಒಳಗೇನೋ ತುಂಬಿದ್ದು ತುಳುಕೀತೆಂಬಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.